ವಾರ್ಡಿನಲ್ಲಿ ಆ ದಿನ ಆ ಹುಡುಗಿಯ ಪಕ್ಕ ಯಾರಿದ್ದರು?

ರಾಜ್ಯದ ನರ್ಸಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ, ಆಡಳಿತ ಮಂಡಳಿಯವರಿಗೆ, ನನ್ನ ಹಾಗೇ ಪಾಠ ಮಾಡುವ ಎಲ್ಲ ಶಿಕ್ಷಕ ಬಂಧುಗಳಿಗೆ ನಮಸ್ಕಾರ.

ಸಿಇಟಿ ಫಲಿತಾಂಶ ಬಂದು ಸೀಟು ಹಂಚಿಕೆ ಶುರುವಾಯಿತು ಅಂದರೆ ನಮ್ಮ ಕಾಲೇಜುಗಳ ಆಫೀಸಿನಲ್ಲಿ ಒಂದೇ ಮಾತು. "ಎಷ್ಟು ಅಡ್ಮಿಷನ್ ಆಯ್ತು? ಇನ್ನೆಷ್ಟು ಸೀಟು ಉಳೀತು?" ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಲೆಕ್ಕ ಹಾಕುತ್ತೇವೆ. ಆದರೆ ಹೋದ ವರ್ಷ ಸೇರಿದವರಲ್ಲಿ ಎಷ್ಟು ಜನ ಈಗ ಇಲ್ಲ, ಯಾಕೆ ಇಲ್ಲ ಅಂತ ಯಾರೂ ಕೇಳುವುದಿಲ್ಲ. ಆ ಲೆಕ್ಕ ಹಾಜರಿ ಪುಸ್ತಕದಲ್ಲಿ ಇರುತ್ತದೆ, ಹೆಸರಿನ ಮೇಲೆ ಎಳೆದ ಒಂದು ಕೆಂಪು ಗೆರೆಯಾಗಿ. ಇಪ್ಪತ್ತೊಂದು ವರ್ಷ ಪಾಠ ಮಾಡಿದ್ದೇನೆ. ಅಂಥ ಗೆರೆಗಳನ್ನು ನಾನೂ ಎಳೆದಿದ್ದೇನೆ. ಅದರಲ್ಲಿ ಒಂದು ಗೆರೆ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ಅದನ್ನು ಹೇಳಿಯೇ ಮುಂದಿನ ಮಾತಿಗೆ ಬರುತ್ತೇನೆ.

ಆಗ ನಾನು ಬೇರೊಂದು ಕಾಲೇಜಿನಲ್ಲಿದ್ದೆ. ಜಗಳೂರು ಕಡೆಯ ಹಳ್ಳಿಯಿಂದ ಒಬ್ಬ ಹುಡುಗಿ ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷಕ್ಕೆ ಸೇರಿದಳು. ಅವರ ಮನೆಯಲ್ಲಿ ಪಿಯುಸಿ ದಾಟಿದವಳು ಅವಳೇ ಮೊದಲು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಮೂರನೇ ಬೆಂಚು, ಮಾತು ಕಡಿಮೆ. ಅವಳ ಅಜ್ಜಿಗೆ ಲಕ್ವ ಹೊಡೆದು ಎರಡು ವರ್ಷ ಹಾಸಿಗೆ ಹಿಡಿದಿದ್ದರಂತೆ. "ನಾನೇ ನೋಡ್ಕಂಡೆ ಮೇಡಂ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸ್ತಿದ್ದೆ. ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ" ಅಂತ ಮೊದಲ ವಾರದಲ್ಲೇ ಹೇಳಿದ್ದಳು. ಬೆಡ್‌ಸೋರ್ ಆಗದಂತೆ ನೋಡಿಕೊಳ್ಳುವುದು ಹೇಗೆ ಅಂತ ನಾವು ಗಂಟೆಗಟ್ಟಲೆ ಪಾಠ ಮಾಡುತ್ತೇವೆ. ಆ ಹುಡುಗಿ ಅದನ್ನು ಮನೆಯಲ್ಲೇ ಕಲಿತು ಬಂದಿದ್ದಳು. ನರ್ಸ್ ಆಗೋಕೆ ಬೇಕಾದ ಕೈ ಅವಳಿಗೆ ಆಗಲೇ ಇತ್ತು.

ಅವಳನ್ನು ಮೆಡಿಕಲ್ ವಾರ್ಡಿಗೆ ಪೋಸ್ಟಿಂಗ್, ಅಂದರೆ ಆಸ್ಪತ್ರೆಯಲ್ಲಿ ಕಲಿಯೋಕೆ, ಹಾಕಿದ ಎರಡನೇ ದಿನ. ಕ್ಲಾಸಿನಲ್ಲಿ ಆಗಿದ್ದು ಬೆಡ್ ಮೇಕಿಂಗ್ ಮತ್ತು ಟಿಪಿಆರ್ ಅಷ್ಟೇ. ಹಾಸಿಗೆ ಹಾಸುವುದು, ಜ್ವರ, ನಾಡಿ, ಉಸಿರಾಟ ನೋಡುವುದು. ವಾರ್ಡಿನಲ್ಲಿ ಯಾರೋ ಅವಸರದಲ್ಲಿ "ಆ ಪೇಷೆಂಟಿನ ಯೂರಿನ್ ಬ್ಯಾಗ್ ಖಾಲಿ ಮಾಡು" ಅಂದರು. ಗೊತ್ತಿಲ್ಲ ಅನ್ನೋಕೆ ಹೆದರಿಕೆ. ಕೆಳಗಿನ ಕ್ಲ್ಯಾಂಪ್ ತೆರೆಯುವ ಬದಲು ಮೇಲಿನ ಟ್ಯೂಬನ್ನೇ ಎಳೆದುಬಿಟ್ಟಳು. ಮೂತ್ರ ನೆಲಕ್ಕೆ ಚೆಲ್ಲಿತು, ಹೊಸ ಯೂನಿಫಾರ್ಮಿಗೂ ಆಯಿತು. ಇನ್‌ಚಾರ್ಜ್ ಸಿಸ್ಟರ್ ಓಡಿ ಬಂದರು. ರೋಗಿಯ ಮನೆಯವರು, ಪಕ್ಕದ ಹಾಸಿಗೆಯವರು ಎಲ್ಲರೂ ನೋಡುತ್ತಿದ್ದಾಗಲೇ ಬೈದರು. "ಏನ್ ಕಲಿಸ್ತಾರೆ ನಿಮಗೆ ಕಾಲೇಜಲ್ಲಿ? ಎಲ್ಲಿ ನಿಮ್ಮ ಮೇಡಂ?"

ಆ ಮೇಡಂ ನಾನೇ. ಆ ಹೊತ್ತಿನಲ್ಲಿ ನಾನು ಕಾಲೇಜಿನಲ್ಲಿ ಇನ್‌ಸ್ಪೆಕ್ಷನ್ ಫೈಲುಗಳಿಗೆ ಲೇಬಲ್ ಅಂಟಿಸುತ್ತಿದ್ದೆ.

ದೀಪಾವಳಿಗೆ ಊರಿಗೆ ಹೋದವಳು ವಾಪಸ್ ಬರಲಿಲ್ಲ. ಹದಿನೈದು ದಿನ ಬಿಟ್ಟು ಅವಳ ಅಪ್ಪ ಬಂದರು, ಹಾಸ್ಟೆಲಿನಲ್ಲಿದ್ದ ಟ್ರಂಕು ಒಯ್ಯೋಕೆ. ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದರು. ಉಳಿದ ವರ್ಷಗಳ ಫೀಸೂ ಕಟ್ಟಿದರೆ ಮಾತ್ರ ಕೊಡ್ತೀವಿ ಅಂತ ಆಫೀಸಿನಲ್ಲಿ ಹೇಳಿದರು. ಆ ಮನುಷ್ಯ ಊಟದ ಹೊತ್ತು ದಾಟುವವರೆಗೆ ಬಾಗಿಲ ಹೊರಗೆ ನಿಂತಿದ್ದರು. ನನ್ನನ್ನು ನೋಡಿ ಕೇಳಿದ್ದು ಇಷ್ಟೇ: "ನಮ್ಮ ಹುಡುಗಿ ಏನಾದ್ರೂ ತಪ್ಪು ಮಾಡಿದಳಾ ಮೇಡಂ? ಮನೇಲಿ ಏನೂ ಹೇಳವಲ್ಲಳು."

ಅವಳು ಯಾವ ತಪ್ಪೂ ಮಾಡಿರಲಿಲ್ಲ. ಅಲ್ಲಿ ಇರಬೇಕಾಗಿದ್ದವಳು ನಾನು, ಇರಲಿಲ್ಲ.

ಮಕ್ಕಳು ಯಾಕೆ ನರ್ಸಿಂಗ್ ಬಿಡುತ್ತಾರೆ ಅಂದರೆ ನಾವು ಹೇಳೋ ಕಾರಣಗಳೆಲ್ಲ ಹೊರಗಿನವು. ಸಂಬಳ ಕಡಿಮೆ, ನೈಟ್ ಡ್ಯೂಟಿ, ಸಮಾಜದಲ್ಲಿ ಮರ್ಯಾದೆ ಇಲ್ಲ, ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ. ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ನಿಜವೇ. ಆದರೆ ಮೊದಲ ಆರು ತಿಂಗಳಲ್ಲಿ ಬಿಟ್ಟು ಹೋಗುವ ಹುಡುಗ ಹುಡುಗಿಯರು ಇನ್ನೂ ಸಂಬಳವನ್ನೇ ನೋಡಿಲ್ಲ, ನೈಟ್ ಡ್ಯೂಟಿ ಮಾಡಿಲ್ಲ. ಅವರು ನೋಡಿರೋದು ನಮ್ಮನ್ನ. ನಮ್ಮ ಕ್ಲಾಸು, ನಮ್ಮ ಹಾಸ್ಟೆಲು, ನಾವು ಕಳಿಸಿದ ವಾರ್ಡು. ಹದಿನೇಳು, ಹದಿನೆಂಟರ ವಯಸ್ಸಿನಲ್ಲಿ ಜೀವನದಲ್ಲಿ ಮೊದಲ ಸಲ ಅಪರಿಚಿತರ ಮೈ ಮುಟ್ಟುತ್ತಾರೆ, ಗಾಯ ನೋಡುತ್ತಾರೆ, ಒಮ್ಮೊಮ್ಮೆ ಸಾವನ್ನೂ ನೋಡುತ್ತಾರೆ. ಆಗ ಪಕ್ಕದಲ್ಲಿ ತಮ್ಮವರು ಅನ್ನೋರು ಒಬ್ಬರು ಬೇಕು. ನಾನು ಈ ಪತ್ರದಲ್ಲಿ ಹೇಳೋಕೆ ಹೊರಟಿರೋದು ಮುಖ್ಯವಾಗಿ ಇದೊಂದೇ. ಶಿಕ್ಷಕರನ್ನು ವಾರ್ಡಿಗೆ ಕಳಿಸಿ. ಮಕ್ಕಳ ಜೊತೆಗೇ, ಪೂರ್ತಿ ಹೊತ್ತು.

ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕರು ಅಂತ ಭಾರತೀಯ ಶುಶ್ರೂಷಾ ಪರಿಷತ್ತಿನ (ಇಂಡಿಯನ್ ನರ್ಸಿಂಗ್ ಕೌನ್ಸಿಲ್) ನಿಯಮವೇ ಇದೆ. ಅದು ಎಷ್ಟು ಕಡೆ ಕಾಗದದ ಮೇಲೆ ಮಾತ್ರ ಉಳಿದಿದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಲವತ್ತು ಮಕ್ಕಳನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕಳಿಸಿ ಒಬ್ಬರೇ ಟ್ಯೂಟರ್, ಅಂದರೆ ಕಿರಿಯ ಶಿಕ್ಷಕಿ, ಆರು ವಾರ್ಡು ಸುತ್ತುತ್ತಾರೆ. ಹಾಜರಿ ತೆಗೆದುಕೊಳ್ಳುವಷ್ಟರಲ್ಲಿ ಹತ್ತು ಗಂಟೆ. ಆ ಟ್ಯೂಟರ್ ಕೂಡ ಮೊನ್ನೆ ಮೊನ್ನೆ ಓದು ಮುಗಿಸಿದ ಹುಡುಗಿಯೇ ಆಗಿರುತ್ತಾಳೆ. ಇನ್‌ಚಾರ್ಜ್ ಸಿಸ್ಟರ್ ಎದುರು ಮಾತಾಡೋಕೆ ಅವಳಿಗೇ ಗಂಟಲು ಒಣಗುತ್ತದೆ. ಎಂ.ಎಸ್ಸಿ. ಮಾಡಿದ, ಹತ್ತು ಹದಿನೈದು ವರ್ಷ ಅನುಭವ ಇರುವ ನಾವು ಕಾಲೇಜಿನಲ್ಲಿ ಫೈಲುಗಳ ಮಧ್ಯೆ ಇರುತ್ತೇವೆ. ಇದು ತಿರುಗುಮುರುಗಾಗಿದೆ. ಮೊದಲ ಸೆಮಿಸ್ಟರಿನ ಮಕ್ಕಳ ಜೊತೆ ಹೋಗಬೇಕಾದವರು ಎಲ್ಲರಿಗಿಂತ ಅನುಭವಿ ಶಿಕ್ಷಕರು.

ಆ ಹುಡುಗಿ ಹೋದ ಮೇಲೆ ನಾನು ಹಟ ಹಿಡಿದು ಈ ಕೆಲಸ ಶುರು ಮಾಡಿದೆ. ಈಗಿರುವ ಕಾಲೇಜಿನಲ್ಲಿ ನಮ್ಮ ಪ್ರಾಂಶುಪಾಲರು ಒಪ್ಪಿದರು. ಹೇಗೆ ಮಾಡುತ್ತೇವೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಪೋಸ್ಟಿಂಗ್ ಶುರುವಾಗುವ ಹಿಂದಿನ ದಿನ ನಾನು ಒಬ್ಬಳೇ ವಾರ್ಡಿಗೆ ಹೋಗುತ್ತೇನೆ. ಇನ್‌ಚಾರ್ಜ್ ಸಿಸ್ಟರ್ ಜೊತೆ ಕೂತು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಮಾತಾಡುತ್ತೇನೆ. ಕೈಬರಹದ ಒಂದು ಹಾಳೆ ಕೊಡುತ್ತೇನೆ. ಈ ಮಕ್ಕಳು ಇಲ್ಲಿಯವರೆಗೆ ಏನೇನು ಕಲಿತಿದ್ದಾರೆ, ಏನನ್ನು ಒಬ್ಬರೇ ಮಾಡಬಹುದು, ಏನನ್ನು ನಾನು ಜೊತೆಗಿದ್ದರೆ ಮಾತ್ರ ಮಾಡಬೇಕು, ಯಾವುದನ್ನು ಇನ್ನೂ ಮುಟ್ಟಲೇಬಾರದು ಅಂತ ಅದರಲ್ಲಿ ಇರುತ್ತದೆ. ಹಾಳೆಯನ್ನು ನರ್ಸಿಂಗ್ ಸ್ಟೇಷನ್ನಿನಲ್ಲಿ, ಡ್ಯೂಟಿ ಪಟ್ಟಿಯ ಪಕ್ಕ ಅಂಟಿಸುತ್ತಾರೆ. ವಾರಕ್ಕೊಮ್ಮೆ ಬದಲಿಸುತ್ತೇನೆ. ಇಷ್ಟರಿಂದಲೇ ಅರ್ಧ ಬೈಗುಳ ನಿಂತುಹೋಯಿತು. ಇನ್‌ಚಾರ್ಜ್ ಸಿಸ್ಟರ್‌ಗಳು ಕೆಟ್ಟವರಲ್ಲ. ತುಂಬಿದ ವಾರ್ಡು, ಕೈಗೆ ಇಬ್ಬರೇ ಸಿಸ್ಟರ್‌ಗಳು, ರೌಂಡ್ಸಿಗೆ ಡಾಕ್ಟರ್ ಬರೋ ಹೊತ್ತು. ಅಂಥ ಗಳಿಗೆಯಲ್ಲಿ ಏನೂ ಗೊತ್ತಿಲ್ಲದ ಎಂಟು ಮಕ್ಕಳನ್ನು ನಾವು ಅವರ ಮೇಲೆ ಬಿಟ್ಟು ಹೋದರೆ ಅವರಾದರೂ ಏನು ಮಾಡ್ತಾರೆ?

ಮೊದಲ ದಿನ ಯಾವ ಕೆಲಸವನ್ನೂ ಕೊಡುವುದಿಲ್ಲ. ಒಬ್ಬೊಬ್ಬರಿಗೂ ಒಬ್ಬ ರೋಗಿಯನ್ನು ತೋರಿಸಿ ಹೇಳುತ್ತೇನೆ: "ಹೋಗಿ ಪಕ್ಕದಲ್ಲಿ ನಿಂತು ಮಾತಾಡು. ಊರು ಯಾವುದು, ಮನೇಲಿ ಯಾರಿದ್ದಾರೆ, ರಾತ್ರಿ ನಿದ್ದೆ ಬಂತಾ ಅಂತ ಕೇಳು." ಎರಡನೇ ದಿನ ನಾನು ಒಬ್ಬ ರೋಗಿಗೆ ಮೈ ಒರೆಸುತ್ತೇನೆ, ಅವರು ನೋಡುತ್ತಾರೆ. ಪರದೆ ಎಳೆಯುವುದು, ನೀರಿನ ಬಿಸಿಯನ್ನು ನನ್ನ ಮುಂಗೈಗೆ ಹಾಕಿಕೊಂಡು ನೋಡುವುದು, ಒರೆಸುವ ಭಾಗ ಬಿಟ್ಟು ಉಳಿದ ಮೈಯನ್ನು ಹೊದಿಕೆಯಿಂದ ಮುಚ್ಚಿಯೇ ಇಡುವುದು, "ಅಜ್ಜಾ, ಈಗ ಈ ಕೈ ಎತ್ತುತೀನಿ" ಅಂತ ಮೊದಲೇ ಹೇಳುವುದು. ಮೂರನೇ ದಿನ ಅವರ ಕೈ, ನನ್ನ ಕೈ ಎರಡೂ ಒಟ್ಟಿಗೆ. ಹೋದ ವರ್ಷ ಒಬ್ಬ ಹುಡುಗಿಯ ಕೈ ನಡುಗುತ್ತಿತ್ತು, ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಾಸಿಗೆಯಲ್ಲಿದ್ದ ಅಜ್ಜನೇ ಹೇಳಿದರು, "ಹೆದರಬ್ಯಾಡ ತಂಗಿ, ನಂಗೇನೂ ನೋವಾಗ್ತಿಲ್ಲ." ಮುಗಿಸಿ ಬೆನ್ನಿಗೆ ಪೌಡರ್ ಹಾಕಿ ಅಂಗಿ ತೊಡಿಸಿದ ಮೇಲೆ ಅವರು ಅವಳ ತಲೆ ಮೇಲೆ ಕೈ ಇಟ್ಟರು. ಆ ಹುಡುಗಿ ಸಿಂಕಿನ ಹತ್ತಿರ ಹೋಗಿ ಅತ್ತಳು. ಈಗ ಅವಳು ಕ್ಲಾಸಿಗೇ ಮುಂದು.

ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದವರು ನಮ್ಮ ಪಕ್ಕದಲ್ಲೇ ಇದ್ದಾರೆ. ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಅದನ್ನು ಕಟ್ಟಿದ ಅಮೆರಿಕದ ವೈದ್ಯೆ ಐಡಾ ಸ್ಕಡರ್ 1909ರಲ್ಲಿ ನರ್ಸಿಂಗ್ ಶಾಲೆ ತೆರೆದರು. 1946ರಲ್ಲಿ ಅಲ್ಲಿ ನರ್ಸಿಂಗ್ ಪದವಿಯೂ ಶುರುವಾಯಿತು. ಅಲ್ಲಿ ಪಾಠ ಮಾಡುವವರಿಗೂ ವಾರ್ಡಿನ ಜವಾಬ್ದಾರಿ ಇರುತ್ತದೆ. ಕಾಲೇಜು ಬೇರೆ, ಆಸ್ಪತ್ರೆ ಬೇರೆ ಅನ್ನೋ ಗೋಡೆ ಇಲ್ಲ. ನಮ್ಮಲ್ಲಿ ಸ್ವಂತ ಆಸ್ಪತ್ರೆ ಇರುವ ಕಾಲೇಜುಗಳಾದರೂ ಇದನ್ನು ಮಾಡಬಹುದು ಅಲ್ವಾ? ವಾರದಲ್ಲಿ ಎರಡು ದಿನ ಶಿಕ್ಷಕರು ವಾರ್ಡಿನಲ್ಲೇ ಕೆಲಸ ಮಾಡಲಿ. ನಮ್ಮ ಕೈಯೂ ಚುರುಕಾಗಿರುತ್ತದೆ. ಹತ್ತು ವರ್ಷದಿಂದ ಐವಿ (ರಕ್ತನಾಳಕ್ಕೆ ಸೂಜಿ) ಹಾಕದವರು ಐವಿ ಹಾಕೋದು ಹೇಗೆ ಅಂತ ಪಾಠ ಮಾಡಿದರೆ ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಈಗ ಮಕ್ಕಳನ್ನು ಕರೆತರುವ ವಿಷಯ. ಇಲ್ಲಿ ನನ್ನ ಮಾತು ಸ್ವಲ್ಪ ಖಾರ ಅನ್ನಿಸಬಹುದು, ಕ್ಷಮಿಸಿ.

ಏಜೆಂಟರನ್ನು ಬಿಡಿ. ತಲೆಗೆ ಇಷ್ಟು ಅಂತ ಕಮಿಷನ್ ತೆಗೆದುಕೊಂಡು ಮಕ್ಕಳನ್ನು ತಂದು ಬಿಡುವವರಿಗೆ ಆ ಮಗು ಎರಡನೇ ವರ್ಷಕ್ಕೆ ಉಳಿಯುತ್ತದೋ ಇಲ್ಲವೋ ಅನ್ನೋದು ಬೇಕಾಗಿಲ್ಲ. ಅವರು ಹೇಳುವುದು ಜರ್ಮನಿ, ಲಂಡನ್, ಲಕ್ಷಗಟ್ಟಲೆ ಸಂಬಳ. "ಕ್ಲಾಸಿಗೆ ಬರದಿದ್ರೂ ನಡೆಯುತ್ತೆ, ಪರೀಕ್ಷೆಗೆ ಬಂದ್ರೆ ಸಾಕು" ಅಂತ ಹೇಳಿ ಸೇರಿಸುವವರೂ ಇದ್ದಾರೆ. ಜರ್ಮನಿಯಲ್ಲಿ ಕೆಲಸ ಇದೆ, ಸುಳ್ಳಲ್ಲ. ಅದಕ್ಕೆ ಜರ್ಮನ್ ಭಾಷೆ ಕಲಿಯಬೇಕು, ಅಲ್ಲಿನ ನೋಂದಣಿ ಆಗಬೇಕು, ಎಲ್ಲಕ್ಕಿಂತ ಮೊದಲು ಒಳ್ಳೆ ನರ್ಸ್ ಆಗಬೇಕು. ಇದನ್ನು ಹೇಳದೆ ಫ್ಲೆಕ್ಸಿನಲ್ಲಿ ವಿಮಾನದ ಚಿತ್ರ ಹಾಕಿದರೆ ಆ ಮಗು ವಿಮಾನ ಹತ್ತೋಕೆ ಅಂತಲೇ ಬರುತ್ತದೆ. ಬಂದ ಮೂರನೇ ವಾರ ಕೈಗೆ ರೋಗಿಯ ಮಲಮೂತ್ರ ಹಿಡಿಯುವ ಬೆಡ್‌ಪ್ಯಾನ್ ಸಿಗುತ್ತದೆ. ಹಾಗಾದಾಗ ಮೋಸ ಹೋದೆ ಅನ್ನಿಸದೆ ಇರುತ್ತಾ?

ಪಿಯುಸಿ ಮಕ್ಕಳನ್ನು ಒಂದು ದಿನ ಕಾಲೇಜಿಗೆ ಕರೆಸಿ. ಭಾಷಣ ಬೇಡ, ಹಾರ ತುರಾಯಿ ಬೇಡ. ನೇರವಾಗಿ ಲ್ಯಾಬಿಗೆ ಕರೆದುಕೊಂಡು ಹೋಗಿ. ನಾವು ಎರಡು ವರ್ಷದಿಂದ ಡಿಸೆಂಬರಿನಲ್ಲಿ ಹೀಗೆ ಮಾಡುತ್ತಿದ್ದೇವೆ. ಸುತ್ತಲಿನ ಪಿಯು ಕಾಲೇಜುಗಳಿಂದ ಸಣ್ಣ ಸಣ್ಣ ಗುಂಪುಗಳಲ್ಲಿ ಬರುತ್ತಾರೆ. ಒಬ್ಬರ ಬಿಪಿ ಇನ್ನೊಬ್ಬರು ನೋಡುತ್ತಾರೆ. ಡಮ್ಮಿ ಮೇಲೆ ಸಿಪಿಆರ್, ಅಂದರೆ ನಿಂತ ಹೃದಯಕ್ಕೆ ಎದೆ ಒತ್ತಿ ಕೊಡುವ ತುರ್ತು ನೆರವು, ಮಾಡುತ್ತಾರೆ. ನಿಮಿಷಕ್ಕೆ 100ರಿಂದ 120 ಸಲ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು ಅಂದಾಗ ಸುಲಭ ಅಂದುಕೊಳ್ಳುತ್ತಾರೆ, ಎರಡು ನಿಮಿಷಕ್ಕೆ ಬೆವರಿ ನಿಲ್ಲುತ್ತಾರೆ. ಹೋದ ಸಲ ಒಬ್ಬ ಹುಡುಗ ಗೆಳೆಯನ ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಹಾಗೇ ಕೂತುಬಿಟ್ಟ. ಕಿವಿಯಿಂದ ತೆಗೆಯಲೇ ಇಲ್ಲ. "ಇದು ಯಾವಾಗಲೂ ಹೀಗೇ ಬಡ್ಕೊತಿರುತ್ತಾ ಮೇಡಂ, ರಾತ್ರಿ ಮಲಗಿದಾಗಲೂ?" ಅಂತ ಕೇಳಿದ. ಪಿಯುಸಿಯಲ್ಲಿ ಹೃದಯದ ಚಿತ್ರ ಬರೆದು ಭಾಗ ಗುರುತಿಸಿ ಅಂಕ ತೆಗೆದುಕೊಂಡ ಹುಡುಗ ಅವನು. ಅವನು ಈ ವರ್ಷ ನಮ್ಮಲ್ಲೇ ಸೇರಿದ್ದಾನೆ.

ಅಪ್ಪ ಅಮ್ಮಂದಿರನ್ನೂ ಕರೆಸಿ. ಅವರ ಪ್ರಶ್ನೆ ಬೇರೆ. ಹಾಸ್ಟೆಲ್ ಹೇಗಿದೆ, ರಾತ್ರಿ ಡ್ಯೂಟಿಗೆ ಯಾರ ಜೊತೆ ಹೋಗ್ತಾರೆ, ಓದು ಮುಗಿದ ಮೇಲೆ ಏನು, ಮದುವೆಗೆ ತೊಂದರೆ ಆಗಲ್ವಾ. ಕೊನೆ ಪ್ರಶ್ನೆಯನ್ನು ಬಾಯಿ ಬಿಟ್ಟು ಕೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ಅವರಿಗೆ ಉತ್ತರ ಹೇಳೋಕೆ ಅದೇ ತಾಲ್ಲೂಕಿನ, ಈಗ ಕೆಲಸದಲ್ಲಿರುವ ಒಬ್ಬ ನರ್ಸನ್ನು ಕರೆಸಿ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಇರುವವರು ಬಂದರೆ ಇನ್ನೂ ಒಳ್ಳೇದು. ಬಿ.ಎಸ್ಸಿ. ನರ್ಸಿಂಗ್ ಮಾಡಿದವರು ಆ ಕೆಲಸಕ್ಕೆ ಹೋಗಬಹುದು ಅಂತಲೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಬಿಪಿ, ಶುಗರ್ ನೋಡಿ, ಮಾತ್ರೆ ಕೊಟ್ಟು, ಊರಿನವರ ಕೈಲಿ "ನಮ್ಮ ಮೇಡಂ" ಅನ್ನಿಸಿಕೊಳ್ಳುವ ಹುಡುಗಿಯನ್ನು ಕಣ್ಣಾರೆ ನೋಡಿದರೆ ನೂರು ಫ್ಲೆಕ್ಸಿಗಿಂತ ಅದು ಜಾಸ್ತಿ.

ಸಂಬಳದ ಸತ್ಯವನ್ನೂ ಹೇಳಬೇಕು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ರಚಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆ ಇರುವ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಅಂತ ಶಿಫಾರಸು ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಾದರೆ ಸರ್ಕಾರಿ ನರ್ಸಿನಷ್ಟೇ ಸಂಬಳ. ಇಷ್ಟು ವರ್ಷ ಕಳೆದರೂ ಅಷ್ಟು ಸಿಗದೆ ದುಡಿಯುತ್ತಿರುವ ನನ್ನ ಹಳೇ ವಿದ್ಯಾರ್ಥಿಗಳಿದ್ದಾರೆ. ಆಡಳಿತ ಮಂಡಳಿಯವರೇ, ನಿಮ್ಮಲ್ಲಿ ಹಲವರು ಕಾಲೇಜಿನ ಜೊತೆ ಆಸ್ಪತ್ರೆಯನ್ನೂ ನಡೆಸುತ್ತೀರಿ. ನಿಮ್ಮದೇ ಆಸ್ಪತ್ರೆಯ ನರ್ಸು ನೆಮ್ಮದಿಯಾಗಿದ್ದರೆ ಪಕ್ಕದ ಕಟ್ಟಡದಲ್ಲಿ ಓದುವ ಮಕ್ಕಳು ಅದನ್ನು ದಿನಾ ನೋಡುತ್ತಾರೆ. ನೆಮ್ಮದಿಯಾಗಿಲ್ಲದಿದ್ದರೆ ಅದನ್ನೂ ನೋಡುತ್ತಾರೆ.

ಹುಡುಗರ ಬಗ್ಗೆ ಒಂದು ಮಾತು. ಅವರು ಮನೆಯಲ್ಲೂ ಕೇಳಿಸಿಕೊಳ್ಳುತ್ತಾರೆ, ಗೆಳೆಯರಿಂದಲೂ ಕೇಳಿಸಿಕೊಳ್ಳುತ್ತಾರೆ, "ಹೆಣ್ಮಕ್ಕಳ ಓದು ಓದ್ತೀಯಾ" ಅಂತ. ಹೆರಿಗೆ ವಾರ್ಡಿನ ಪೋಸ್ಟಿಂಗಿನಲ್ಲಿ ಅವರನ್ನು ಬಾಗಿಲಲ್ಲೇ ತಡೆಯುತ್ತಾರೆ. ಪಠ್ಯದಲ್ಲಿ ಅವರಿಗೂ ಆ ವಿಷಯ ಇದೆ, ಪರೀಕ್ಷೆ ಇದೆ, ಆದರೆ ಕಲಿಯೋದೆಲ್ಲಿ? ಶಿಕ್ಷಕಿ ಜೊತೆಗೆ ನಿಂತು ತಾಯಿಯನ್ನು ಕೇಳಬೇಕು: "ಇವನು ನನ್ನ ವಿದ್ಯಾರ್ಥಿ, ನಾನು ಇಲ್ಲೇ ಇರ್ತೀನಿ, ಮಗುವಿನ ತೂಕ ನೋಡಲಾ?" ಬೇಡ ಅಂದರೆ ಬೇಡ, ಅದು ಆ ತಾಯಿಯ ಹಕ್ಕು. ಆದರೆ ನಾನು ಕೇಳಿದಾಗ ಜಾಸ್ತಿ ಸಲ ಹೂಂ ಅಂದಿದ್ದಾರೆ.

ಇನ್ನು ಭಾಷೆ. ಈ ವಿಷಯಕ್ಕೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಮ್ಮ ಹಳ್ಳಿ ಮಕ್ಕಳು ಮುಗ್ಗರಿಸೋದು ಇಲ್ಲೇ.

ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯ ಎರಡು ವರ್ಷ ಇಂಗ್ಲಿಷನ್ನು ಉರು ಹೊಡೆದು ಪಾಸಾಗಿ ಬಂದಿರುತ್ತಾರೆ. ಮೊದಲ ಸೆಮಿಸ್ಟರಿನಲ್ಲೇ ಅನಾಟಮಿ, ಫಿಸಿಯಾಲಜಿ, ಸೋಷಿಯಾಲಜಿ, ಸೈಕಾಲಜಿ, ನರ್ಸಿಂಗ್ ಫೌಂಡೇಷನ್ ಎಲ್ಲ ಒಟ್ಟಿಗೆ ಮೈಮೇಲೆ ಬರುತ್ತವೆ. 2021ರಿಂದ ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಸುಧಾರಿಸಿಕೊಳ್ಳೋಕೆ ಸಮಯವೂ ಕಡಿಮೆ. ಮೊದಲ ಇಂಟರ್ನಲ್ ಪರೀಕ್ಷೆಯ ಅಂಕ ನೋಡಿ "ನನ್ನ ಕೈಲಿ ಆಗಲ್ಲ" ಅಂತ ತೀರ್ಮಾನ ಮಾಡಿಬಿಡುತ್ತಾರೆ.

ನಾನು ಮೊದಲ ಎರಡು ವಾರ ದಿನಾ ಅರ್ಧ ಗಂಟೆ ಪದ ಬಿಡಿಸೋದು ಹೇಳಿಕೊಡುತ್ತೇನೆ. ನಮ್ಮ ಸಂಧಿ ಸಮಾಸ ಬಿಡಿಸಿದ ಹಾಗೇ. ಟ್ಯಾಕಿ ಅಂದರೆ ವೇಗ, ಬ್ರಾಡಿ ಅಂದರೆ ನಿಧಾನ, ಕಾರ್ಡಿಯಾ ಹೃದಯಕ್ಕೆ ಸೇರಿದ್ದು. ಹಾಗಾದರೆ ಟ್ಯಾಕಿಕಾರ್ಡಿಯಾ ಏನು? ಕ್ಲಾಸೇ ಉತ್ತರ ಹೇಳುತ್ತದೆ. ಕೊನೆಯಲ್ಲಿ ಐಟಿಸ್ ಬಂದರೆ ಉರಿಯೂತ. ನೆಫ್ರೋ ಮೂತ್ರಪಿಂಡ, ಹೆಪಟೋ ಲಿವರ್, ಗ್ಯಾಸ್ಟ್ರೋ ಹೊಟ್ಟೆ. ಹೀಗೆ ಒಂದು ಮೂವತ್ತು ನಲವತ್ತು ತುಂಡುಗಳು ಗೊತ್ತಾದರೆ ದಪ್ಪ ಪುಸ್ತಕ ತೆರೆದಾಗ ಹೆದರಿಕೆ ಅರ್ಧ ಹೋಗುತ್ತದೆ. ಪಾಠವನ್ನು ಕನ್ನಡದಲ್ಲಿ ವಿವರಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸಿ. ಅದರಲ್ಲಿ ಯಾವ ಅವಮಾನವೂ ಇಲ್ಲ.

ನಮ್ಮ ಕ್ಲಾಸುಗಳಲ್ಲಿ ಕೇರಳದ ಮಕ್ಕಳೂ ಇರುತ್ತಾರೆ. ಇಂಗ್ಲಿಷಿನಲ್ಲಿ ಮುಂದು, ಆದರೆ ವಾರ್ಡಿನಲ್ಲಿ ರೋಗಿ ಏನು ಹೇಳುತ್ತಾರೆ ಅಂತ ಅರ್ಥವಾಗದೆ ಅವರೂ ಒಂಟಿಯಾಗುತ್ತಾರೆ. "ಹೊಟ್ಟೆ ತೊಳಸ್ತೈತಿ" ಅಂದರೆ ವಾಕರಿಕೆ. "ಕಣ್ಣಿಗೆ ಕತ್ತಲೆ ಬಂದಂಗಾಗ್ತೈತಿ" ಅಂದರೆ ತಲೆಸುತ್ತು. "ಕೈಕಾಲು ಜುಮ್ ಅಂತಾವೆ" ಅಂದರೆ ಶುಗರ್ ರೋಗಿಯಲ್ಲಿ ನರಕ್ಕೆ ಪೆಟ್ಟಾಗಿರಬಹುದು. "ಹೊರಗಾಗಿದೀನಿ" ಅಂತ ಒಬ್ಬ ಹೆಂಗಸು ಮೆಲ್ಲಗೆ ಹೇಳಿದರೆ ಅದು ಮುಟ್ಟಿನ ವಿಷಯ. ಇದು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಹರಪನಹಳ್ಳಿ, ಚನ್ನಗಿರಿ ಕಡೆಯ ಹುಡುಗಿಗೆ ಮಾತ್ರ ಗೊತ್ತು. ಅದಕ್ಕೇ ನಾನು ಜೋಡಿ ಮಾಡುತ್ತೇನೆ, ಒಬ್ಬರು ಅಲ್ಲಿಯವರು, ಒಬ್ಬರು ಇಲ್ಲಿಯವರು. ವಾರ್ಡಿನಲ್ಲಿ ಇವಳು ಅವಳಿಗೆ ಗುರು, ಸಂಜೆ ಓದುವಾಗ ಅವಳು ಇವಳಿಗೆ ಗುರು. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ ವಾರ್ಡಿನಲ್ಲಿ ರೋಗಿಯ ಮಾತನ್ನು ಬಿಡಿಸಿ ಹೇಳುವಾಗ ಅವಳ ಮುಖ ನೋಡಬೇಕು ನೀವು. ನಾನೂ ಈ ಕಾಲೇಜಿಗೆ ಬೇಕಾದವಳು ಅಂತ ಅವಳಿಗೆ ಆವತ್ತು ಅನ್ನಿಸುತ್ತದೆ.

ರೆಕಾರ್ಡ್ ಬರೆಸುವುದನ್ನು ಕಡಿಮೆ ಮಾಡಿ. ಸೀನಿಯರ್ ಪುಸ್ತಕ ನೋಡಿ ಅಕ್ಷರ ಬಿಡದೆ ನಕಲು ಮಾಡಿದ ಇಪ್ಪತ್ತು ಆರೈಕೆ ಯೋಜನೆ, ಅಂದರೆ ಕೇರ್ ಪ್ಲಾನ್‌ಗಳಿಗಿಂತ, ತಾನು ನೋಡಿಕೊಂಡ ರೋಗಿಯ ಬಗ್ಗೆ ಸ್ವಂತ ಬುದ್ಧಿಯಿಂದ ಬರೆದ ಐದು ಸಾಕು. ರಾತ್ರಿ ಒಂದು ಗಂಟೆವರೆಗೆ ಚಿತ್ರಕ್ಕೆ ಬಣ್ಣ ಹಚ್ಚಿ, ಬೆಳಿಗ್ಗೆ ಆರಕ್ಕೆ ಎದ್ದು ವಾರ್ಡಿನಲ್ಲಿ ತೂಕಡಿಸಿದರೆ ಮತ್ತೆ ನಾವೇ ಬೈಯುತ್ತೇವೆ. ಶೂ ಪಾಲಿಶ್ ಇಲ್ಲ ಅಂತ ದಂಡ, ತಡವಾಯಿತು ಅಂತ ದಂಡ, ಇದನ್ನೂ ನಿಲ್ಲಿಸಿ. ಕೂಲಿ ಮಾಡುವ ಅಮ್ಮನ ದುಡ್ಡು ಅದು. ನಾವೂ ಹಾಗೇ ಓದಿದ್ದು, ನಮ್ಮ ಮೇಡಂ ನಮಗೆ ಹೊಡೆದೂ ಇದ್ದರು ಅನ್ನುವ ಮಾತನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಕೇಳಿದ್ದೇನೋ. ನಮಗೆ ಆದ ನೋವನ್ನು ಮುಂದಿನವರಿಗೂ ಯಾಕೆ ದಾಟಿಸಬೇಕು?

ಮನಸ್ಸಿಗೆ ತೀರಾ ಕಷ್ಟವಾದಾಗ ಮಾತಾಡೋಕೆ ಯಾರಾದರೂ ಇರಬೇಕು. ಮೊದಲ ಸಲ ಸಾವು ನೋಡಿದ ದಿನ ಮಕ್ಕಳನ್ನು ಸುಮ್ನೆ ಹಾಸ್ಟೆಲಿಗೆ ಕಳಿಸಬೇಡಿ. ಹತ್ತು ನಿಮಿಷ ಕೂರಿಸಿಕೊಂಡು ಏನು ನೋಡಿದೆ, ಏನನ್ನಿಸಿತು ಅಂತ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಹಾಸ್ಟೆಲಿನ ಗೋಡೆಗೆ ಬರೆಸಿ. ದಿನವಿಡೀ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಹಣದ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕ ಇಲಾಖೆಯ ನೆರವು ಇದೆ. ಅರ್ಜಿ ತುಂಬಿಸೋಕೆ ಕಾಲೇಜಿನಲ್ಲಿ ಒಬ್ಬರನ್ನು ಕೂರಿಸಿ, ಕೊನೆ ದಿನ ಮಕ್ಕಳು ಸೈಬರ್ ಸೆಂಟರಿಗೆ ಓಡೋದು ತಪ್ಪುತ್ತದೆ. ಹಾಗೇ ಒರಿಜಿನಲ್ ಮಾರ್ಕ್ಸ್ ಕಾರ್ಡನ್ನು ಇಟ್ಟುಕೊಂಡು ಮಕ್ಕಳನ್ನು ಕಟ್ಟಿಹಾಕುವುದನ್ನು ದಯವಿಟ್ಟು ಬಿಡಿ. ಪರಿಶೀಲಿಸಿ, ಅದೇ ದಿನ ವಾಪಸ್ ಕೊಡಿ. ಹಾಗೆ ಹಿಡಿದಿಟ್ಟುಕೊಂಡ ಮಗು ಕ್ಲಾಸಿನಲ್ಲಿ ಕೂತಿದ್ದರೂ ನಮ್ಮದಾಗಿರುವುದಿಲ್ಲ.

ಕೊನೆಯದಾಗಿ ಶಿಕ್ಷಕರ ಮಾತು. ನಾವು ಉಳಿಯದೆ ಮಕ್ಕಳು ಹೇಗೆ ಉಳಿಯುತ್ತಾರೆ? ನನ್ನ ಜೊತೆ ಸೇರಿದ ಟ್ಯೂಟರ್‌ಗಳಲ್ಲಿ ಬಹಳ ಜನ ಎರಡು ವರ್ಷದೊಳಗೆ ಬಿಟ್ಟು ಹೋದರು. ಆಸ್ಪತ್ರೆ ಕೆಲಸದಲ್ಲೇ ಸಂಬಳ ಜಾಸ್ತಿ ಸಿಗುತ್ತಿತ್ತು, ಅವರ ಮೇಲೆ ನನಗೆ ಕೋಪ ಇಲ್ಲ. 2014ರ ನಂತರ ಶುರುವಾದ 157 ಮೆಡಿಕಲ್ ಕಾಲೇಜುಗಳ ಜೊತೆ 157 ಹೊಸ ನರ್ಸಿಂಗ್ ಕಾಲೇಜು ತೆರೆಯುವುದಾಗಿ ಕೇಂದ್ರ ಸರ್ಕಾರ 2023ರ ಬಜೆಟ್ಟಿನಲ್ಲಿ ಹೇಳಿತು. ಅದೇ ವರ್ಷ 1947ರ ಹಳೇ ಕಾನೂನಿನ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯೂ ಬಂತು. ಒಳ್ಳೆಯದೇ. ಆದರೆ ಕಟ್ಟಡ ಎದ್ದ ಮೇಲೆ ಒಳಗೆ ನಿಂತು ಕಲಿಸುವವರು ಬೇಕಲ್ಲ? ಇನ್‌ಸ್ಪೆಕ್ಷನ್ ದಿನಕ್ಕೆ ಮಾತ್ರ ಬಂದು ಸಹಿ ಹಾಕಿ ಹೋಗುವ ಶಿಕ್ಷಕರಿಂದ ಯಾವ ಮಗುವೂ ಕಲಿಯುವುದಿಲ್ಲ. ಟ್ಯೂಟರ್‌ಗೆ ಮರ್ಯಾದೆಯ ಸಂಬಳ ಕೊಡಿ, ಎಂ.ಎಸ್ಸಿ. ಮಾಡೋಕೆ ರಜೆ ಕೊಡಿ, ಫೈಲಿನ ಕೆಲಸಕ್ಕೆ ಬೇರೆ ಗುಮಾಸ್ತರನ್ನು ಇಡಿ. ನಮ್ಮನ್ನು ಮಕ್ಕಳ ಹತ್ತಿರ ಹೋಗೋಕೆ ಬಿಡಿ.

ಎಂಟನೇ ಸೆಮಿಸ್ಟರಿನ ಇಂಟರ್ನ್‌ಶಿಪ್ ಮಕ್ಕಳಿಗೂ ಇದೇ ಅನ್ವಯಿಸುತ್ತದೆ. ಅವರು ವಾರ್ಡಿನ ಸಿಬ್ಬಂದಿ ಕೊರತೆ ತುಂಬಿಸೋಕೆ ಇರುವವರಲ್ಲ. ಆ 22 ವಾರಗಳಲ್ಲೂ ಅವರು ವಿದ್ಯಾರ್ಥಿಗಳೇ.

ಆ ಜಗಳೂರು ಹುಡುಗಿ ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಮದುವೆಯಾಗಿದೆ, ಮಗು ಇದೆ ಅಂತ ಅವರ ಊರಿನ ಕಡೆಯ ಒಬ್ಬ ವಿದ್ಯಾರ್ಥಿನಿ ಒಮ್ಮೆ ಹೇಳಿದಳು. ಅವರ ಊರಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಮೊದಲು ಕರೆಯೋದು ಅವಳನ್ನೇ ಅಂತೆ.

ಸೋಮವಾರ ಬೆಳಿಗ್ಗೆ ಏಳೂವರೆಗೆ ನಮ್ಮ ಹೊಸ ಬ್ಯಾಚ್ ಮೊದಲ ಸಲ ವಾರ್ಡಿಗೆ ಹೋಗುತ್ತಿದೆ. ಈ ಸಲ ಮೆಡಿಕಲ್ ವಾರ್ಡಿನಲ್ಲಿ ನನ್ನ ಜೊತೆ ಒಂಬತ್ತು ಮಕ್ಕಳು. ಇನ್‌ಚಾರ್ಜ್ ಸಿಸ್ಟರ್‌ಗೆ ಕೊಡುವ ಹಾಳೆ ಬರೆದಿಟ್ಟಿದ್ದೇನೆ. ನಿಮ್ಮ ಕಾಲೇಜಿನ ಮಕ್ಕಳು ಯಾವಾಗ ಹೋಗುತ್ತಾರೆ? ಅವರ ಜೊತೆ ಯಾರು ಹೋಗುತ್ತಿದ್ದಾರೆ?

ಇಂತಿ ನಿಮ್ಮ,
ಒಬ್ಬ ನರ್ಸಿಂಗ್ ಶಿಕ್ಷಕಿ